ನಡುರಾತ್ರಿ ಕಿಟಾರನೆ ಕಿರುಚುವ ಕೂಸು: ಗಾಳಿಯೂ ಅಲ್ಲ, ಗ್ರಹವೂ ಅಲ್ಲ, ಅರೆನಿದ್ದೆ

ಹರಿಯಬ್ಬೆ (ಹಿರಿಯೂರು ತಾ.): ರಾತ್ರಿ ಒಂಬತ್ತಕ್ಕೆ ಮಲಗಿದ ಎರಡೂವರೆ ವರ್ಷದ ಕೂಸು ಹತ್ತೂವರೆ ಹೊತ್ತಿಗೆ ಕಿಟಾರನೆ ಕಿರುಚುತ್ತಾ ಎದ್ದು ಕೂರುತ್ತೆ. ಕಣ್ಣು ತೆರೆದೇ ಇರುತ್ತೆ, ಆದರೆ ಎದುರಿಗಿರೋ ಅಮ್ಮನ ಗುರುತು ಸಿಗಲ್ಲ. ಎತ್ತಿಕೊಳ್ಳೋಕೆ ಹೋದರೆ ಒದೆಯುತ್ತೆ, ತಳ್ಳುತ್ತೆ. ಮೈಯೆಲ್ಲಾ ಬೆವರು, ಎದೆ ಡವಡವ. ಅಕ್ಕಪಕ್ಕದ ಮನೆ ಲೈಟು ಹತ್ತುತ್ತವೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅದೇ ಕೂಸು ಏನೂ ಆಗೇ ಇಲ್ಲ ಅನ್ನೋ ಹಾಗೆ ಮಗ್ಗುಲಾಗಿ ಮಲಗಿಬಿಡುತ್ತೆ. ಬೆಳಗ್ಗೆ ಕೇಳಿದರೆ ಅದಕ್ಕೆ ಒಂದೂ ನೆನಪಿಲ್ಲ. ನಿದ್ದೆ ಕೆಟ್ಟಿರೋದು ಮನೆಯವರಿಗೆ ಮಾತ್ರ.

ಹರಿಯಬ್ಬೆ ಇರಲಿ, ಧರ್ಮಪುರ ಹೋಬಳಿಯ ಬೇರೆ ಯಾವ ಹಳ್ಳಿಯೇ ಇರಲಿ, ಇಂಥ ರಾತ್ರಿಯ ಮಾರನೇ ದಿನ ನಡೆಯೋದು ಹೆಚ್ಚುಕಮ್ಮಿ ಒಂದೇ. "ಕೂಸು ಬೆಚ್ಚೈತೆ", "ಗಾಳಿ ಸೋಕೈತೆ", "ಹೊತ್ತಲ್ಲದ ಹೊತ್ತಲ್ಲಿ ಬೇಲಿ ಕಡೆ ಕರ್ಕೊಂಡು ಹೋಗಿದ್ರೇನೋ" ಅನ್ನೋ ಮಾತು ಬರುತ್ತೆ. ಒಬ್ಬರು ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕು ಅಂತಾರೆ, ಇನ್ನೊಬ್ಬರು ಗಡಿ ಆಚೆ ಆಂಧ್ರದ ಊರಲ್ಲಿ ಯಂತ್ರ ಕಟ್ಟೋರು ಇದಾರೆ ಅಂತಾರೆ. ಕೊನೆಗೆ ಮಾತು ಬಂದು ನಿಲ್ಲೋದು ತಾಯಿ ಮೇಲೆ. ಆಕೆ ಕೂಸನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ಲು, ಯಾವಾಗ ಹೊಡೆದ್ಲು, ಏನು ತಿನ್ನಿಸಿದ್ಲು ಅನ್ನೋ ವಿಚಾರಣೆ ಶುರು. ಈ ಬರಹ ಮುಖ್ಯವಾಗಿ ಆ ತಾಯಂದಿರಿಗೆ.

ಇದಕ್ಕೆ ಇಂಗ್ಲಿಷ್ ವೈದ್ಯರು ಇಟ್ಟ ಹೆಸರು ನೈಟ್ ಟೆರರ್ ಅಥವಾ ಸ್ಲೀಪ್ ಟೆರರ್. ಕನ್ನಡದಲ್ಲಿ ನಿದ್ರಾಭೀತಿ ಅನ್ನಬಹುದು. ಹೆಸರು ದೊಡ್ಡದಾಗಿ ಕೇಳುತ್ತೆ. ಬಹುಪಾಲು ಮಕ್ಕಳಲ್ಲಿ ಇದು ರೋಗವಲ್ಲ, ಬೆಳೆಯುವ ಮೆದುಳಿನ ಒಂದು ಹಂತ ಅಷ್ಟೇ.

ಒಂದು ಫೇಸ್ ಬಂದ ಮೋಟಾರಿನ ಹಾಗೆ

ನಿದ್ದೆ ಅಂದರೆ ಒಂದೇ ಸಮ ಇರೋದಲ್ಲ. ಮಲಗಿದ ಸ್ವಲ್ಪ ಹೊತ್ತಿಗೆ ಮಗು ಬಹಳ ಆಳದ ನಿದ್ದೆಗೆ ಇಳಿಯುತ್ತೆ. ಎತ್ತಿ ಪಕ್ಕದ ಮನೆಗೆ ಒಯ್ದರೂ ಗೊತ್ತಾಗದ ನಿದ್ದೆ ಅದು. ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಈ ಆಳದ ನಿದ್ದೆ ಜಾಸ್ತಿ. ಒಂದು ಒಂದೂವರೆ ಗಂಟೆಗೆ ಒಮ್ಮೆ ಮೆದುಳು ಅಲ್ಲಿಂದ ಮೇಲಕ್ಕೆ ಬಂದು ಹಗುರ ನಿದ್ದೆಗೆ ಹೊರಳಬೇಕು. ದೊಡ್ಡವರಲ್ಲಿ ಈ ಹೊರಳಾಟ ಗೊತ್ತೇ ಆಗಲ್ಲ. ಪುಟ್ಟ ಮಕ್ಕಳಲ್ಲಿ ಕೆಲವು ಸಲ ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ. ಕೈಕಾಲು ಆಡಿಸುವ, ಕಿರುಚುವ, ಹೆದರುವ ಭಾಗ ಎದ್ದುಬಿಡುತ್ತೆ. ಯೋಚಿಸುವ, ಗುರುತು ಹಿಡಿಯುವ, ನೆನಪಿಡುವ ಭಾಗ ಇನ್ನೂ ಮಲಗೇ ಇರುತ್ತೆ.

ಬೋರ್‌ವೆಲ್ ಇಟ್ಟುಕೊಂಡವರಿಗೆ ಇದನ್ನ ಹೇಳೋದು ಸುಲಭ. ತ್ರೀಫೇಸ್ ಬರಬೇಕಾದ ಕಡೆ ಒಂದು ಫೇಸ್ ಹೋದರೆ ಮೋಟಾರು ಗುಂಯ್ ಅಂತ ಸದ್ದು ಮಾಡುತ್ತೆ, ಬಿಸಿ ಆಗುತ್ತೆ, ನೀರು ಮಾತ್ರ ಎತ್ತಲ್ಲ. ಕೂಸಿನ ಕಥೆಯೂ ಅದೇ. ಸದ್ದು ಇದೆ, ಒಳಗೆ ಕೂಸು ಎದ್ದಿಲ್ಲ. ಅದಕ್ಕೇ ಕಣ್ಣು ಬಿಟ್ಟಿದ್ದರೂ ಅಮ್ಮ ಕಾಣಲ್ಲ, ಅದಕ್ಕೇ ಬೆಳಗ್ಗೆ ನೆನಪಿರಲ್ಲ. ನಿದ್ದೆಯಲ್ಲಿ ಎದ್ದು ನಡೆಯೋದು, ನಿದ್ದೆಯಲ್ಲಿ ಮಾತಾಡೋದು ಇದೇ ಜಾತಿಯವು. ಚಿಕ್ಕಂದಿನಲ್ಲಿ ಬೆಚ್ಚುತ್ತಿದ್ದ ಕೆಲವು ಮಕ್ಕಳು ಮುಂದೆ ಶಾಲೆಗೆ ಹೋಗೋ ವಯಸ್ಸಲ್ಲಿ ನಿದ್ದೆಯಲ್ಲಿ ನಡೆಯೋದುಂಟು.

ಎಷ್ಟು ಮಕ್ಕಳಿಗೆ ಬರುತ್ತೆ? ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನ ಹುಟ್ಟಿದ ಕೂಸಿನಿಂದ 13 ವರ್ಷದ ತನಕ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಒಂದೂವರೆ ವರ್ಷದ ಮಕ್ಕಳಲ್ಲಿ ನೂರಕ್ಕೆ 34 ಮಕ್ಕಳು ಹೀಗೆ ಕಿರುಚಿದ್ದರು. 13 ವರ್ಷ ಆಗುವಷ್ಟರಲ್ಲಿ ಅದು ನೂರಕ್ಕೆ 5ಕ್ಕೆ ಇಳಿದಿತ್ತು. ಅಂದರೆ ಆ ವಯಸ್ಸಲ್ಲಿ ಮೂರು ಮಕ್ಕಳಲ್ಲಿ ಒಂದಕ್ಕೆ ಬರೋದು, ಬೆಳೀತಾ ಬೆಳೀತಾ ತಾನಾಗಿ ಹೋಗೋದು. ಕ್ವಿಬೆಕ್‌ನ ಮಂಜಿನಲ್ಲಿ ಮಲಗಿದ ಕೂಸಿಗೂ ಹರಿಯಬ್ಬೆಯ ಬಿಸಿಲಲ್ಲಿ ಬೆಳೆದ ಕೂಸಿಗೂ ಒಂದೇ ಗಾಳಿ ಸೋಕೋಕೆ ಹೇಗೆ ಸಾಧ್ಯ ಅಂತ ಅಜ್ಜಿಯಂದಿರನ್ನ ಒಮ್ಮೆ ಕೇಳಿ ನೋಡಬಹುದು.

ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ. ಅಪ್ಪ ಅಮ್ಮ ಇಬ್ಬರೂ ನಿದ್ದೆಯಲ್ಲಿ ನಡೆದವರಲ್ಲದಿದ್ದರೆ ಮಕ್ಕಳಲ್ಲಿ ನೂರಕ್ಕೆ 22 ಮಂದಿ ನಡೆದಿದ್ದರು. ಒಬ್ಬರು ನಡೆಯುತ್ತಿದ್ದರೆ 47, ಇಬ್ಬರೂ ಆದರೆ 61. ಅರೆನಿದ್ದೆಯ ಈ ಗುಣ ರಕ್ತದಲ್ಲಿ ಬರುತ್ತೆ ಅಂತ ಇದರ ಅರ್ಥ. ಹಳ್ಳಿಯಲ್ಲಿ ಇದನ್ನ ಕಂಡುಹಿಡಿಯೋದು ಕಷ್ಟವಲ್ಲ. ಅಜ್ಜಿಯನ್ನೇ ಕೇಳಿದರೆ "ಇವನಪ್ಪನೂ ಹಿಂಗೇ, ರಾತ್ರಿ ಎದ್ದು ಬಾಗಿಲ ಚಿಲುಕ ತೆಗೆದು ಹೊರಗೆ ಹೋಗ್ಬಿಡೋನು" ಅನ್ನೋ ಕಥೆ ಆಚೆ ಬಂದರೂ ಬರಬಹುದು. ಆಗ ಸೊಸೆ ಮೇಲಿನ ಆರೋಪಕ್ಕೆ ಅಲ್ಲೇ ತೆರೆ.

ಕೆಟ್ಟ ಕನಸು ಬೇರೆ

ಇವೆರಡನ್ನ ಬಹಳ ಜನ ಒಂದೇ ಅಂದುಕೊಳ್ತಾರೆ. ಕೆಟ್ಟ ಕನಸು ಬೀಳೋದು ಬೆಳಗಿನ ಜಾವದ ಕಡೆ, ರಾತ್ರಿಯ ಎರಡನೇ ಅರ್ಧದಲ್ಲಿ. ಕನಸು ಕಂಡ ಮಗು ಪೂರ್ತಿ ಎಚ್ಚರ ಆಗುತ್ತೆ, ಅಳುತ್ತಾ ಅಮ್ಮನನ್ನ ಹುಡುಕುತ್ತೆ, ತಬ್ಬಿಕೊಳ್ಳುತ್ತೆ, ಮಾತು ಬರೋ ವಯಸ್ಸಾಗಿದ್ದರೆ "ನಾಯಿ ಬಂತು" ಅಂತಾದರೂ ಹೇಳುತ್ತೆ, ಮತ್ತೆ ಮಲಗೋಕೆ ಹೆದರುತ್ತೆ. ಅದಕ್ಕೆ ಮದ್ದು ಅಮ್ಮನ ಮಡಿಲು.

ನಿದ್ರಾಭೀತಿ ಬರೋದು ಮಲಗಿದ ಒಂದರಿಂದ ಮೂರು ಗಂಟೆಯೊಳಗೆ. ಅದರಲ್ಲಿ ಕೂಸು ಅಮ್ಮನನ್ನ ಹುಡುಕಲ್ಲ, ದೂರ ತಳ್ಳುತ್ತೆ. ತಬ್ಬಿದಷ್ಟೂ ಕಿರುಚಾಟ ಜಾಸ್ತಿ. ತಾಯಿಗೆ ಇದೇ ದೊಡ್ಡ ನೋವು. ಹೆತ್ತ ಕೂಸೇ ತನ್ನನ್ನ ಕಂಡು ಹೆದರ್ತಿದೆ ಅನ್ನಿಸುತ್ತೆ. ನಿಜ ಏನಂದರೆ ಆ ಹೊತ್ತಲ್ಲಿ ಕೂಸು ಅವಳನ್ನ ಕಂಡೇ ಇಲ್ಲ.

ಮೊದಲು ಚೇಳು ನೋಡಿ

ಪೇಟೆಯ ಡಾಕ್ಟರು ಬರೆದ ಸಲಹೆಯಲ್ಲಿ ಈ ಮಾತು ಇರಲ್ಲ, ಹಿರಿಯೂರು ಸೀಮೆಯಲ್ಲಿ ಇರಲೇಬೇಕು. ಕಲ್ಲುಭೂಮಿ, ಹಳೇ ಮಣ್ಣಿನ ಗೋಡೆ, ಶೇಂಗಾ ಬಳ್ಳಿ ಬಣವೆ, ಒಟ್ಟಿದ ಸೌದೆ, ನೆಲದ ಮೇಲೆ ಚಾಪೆ. ಮಗು ರಾತ್ರಿ ಕಿರುಚಿದರೆ ಅದು ಬೆಚ್ಚಿದ್ದು ಅಂತ ತೀರ್ಮಾನ ಮಾಡೋಕೆ ಮುಂಚೆ ಲೈಟು ಹಾಕಿ ಹಾಸಿಗೆ, ಬಟ್ಟೆ, ಕೈಕಾಲು ಬೆರಳಸಂದಿ ಒಮ್ಮೆ ನೋಡಬೇಕು. ಇದಕ್ಕೆ ಅರ್ಧ ನಿಮಿಷ ಸಾಕು.

ಕೆಂಪು ಚೇಳು ಕುಟುಕಿದ ಮಗು ಎಚ್ಚರವಾಗಿರುತ್ತೆ, ನೋವಾದ ಜಾಗ ಮುಟ್ಟೋಕೆ ಬಿಡಲ್ಲ, ಅಳು ಹತ್ತು ನಿಮಿಷಕ್ಕೆ ನಿಲ್ಲಲ್ಲ. ಬೆವರು ಇಲ್ಲೂ ಇರುತ್ತೆ, ಅದಕ್ಕೇ ಮೋಸ ಹೋಗೋದು. ಆದರೆ ಚೇಳಿನ ವಿಷಕ್ಕೆ ಬೆವರಿನ ಜೊತೆ ವಾಂತಿ ಆಗಬಹುದು, ಕೈಕಾಲು ತಣ್ಣಗಾಗಬಹುದು, ಉಸಿರು ಜೋರಾಗಬಹುದು. ಪುಟ್ಟ ಮಕ್ಕಳಲ್ಲಿ ಅದು ಹೃದಯ, ಶ್ವಾಸಕೋಶಕ್ಕೆ ಹೊಡೆಯುತ್ತೆ. ಮಹಾರಾಷ್ಟ್ರದ ಮಹಾಡ್ ಎಂಬ ಊರಿನ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇದನ್ನ ತಡೆಯಬಹುದು ಅಂತ ತೋರಿಸಿದ ಮೇಲೆ ಸಾವು ಬಹಳ ಇಳಿದಿದೆ, ಆದರೆ ಬೇಗ ಕೊಡಬೇಕು. ಆದ್ದರಿಂದ ಮಂತ್ರ, ಈರುಳ್ಳಿ ಉಜ್ಜೋದು ಅಂತ ಕೂರದೆ ನೇರ ಆಸ್ಪತ್ರೆ.

ಕಟ್ಟುಹಾವು ಇದಕ್ಕಿಂತ ಕಳ್ಳ. ರಾತ್ರಿ ನೆಲದ ಮೇಲೆ ಮಲಗಿದವರನ್ನೇ ಕಚ್ಚುತ್ತೆ. ನೋವು ಕಡಿಮೆ, ಗುರುತು ಕಾಣದೇ ಇರಬಹುದು. ಮಗು ಕಿರುಚದೇ ಇರಬಹುದು. ಸ್ವಲ್ಪ ಹೊತ್ತಿಗೆ ಹೊಟ್ಟೆನೋವು, ರೆಪ್ಪೆ ಇಳಿಬೀಳೋದು, ನುಂಗೋಕೆ ಕಷ್ಟ ಕಂಡರೆ ಒಂದು ಕ್ಷಣವೂ ಕಾಯಬಾರದು. ಸೊಳ್ಳೆಪರದೆಯನ್ನ ಚಾಪೆ ಕೆಳಗೆ ಸುತ್ತ ಸಿಗಿಸಿ ಮಲಗೋದು ಸೊಳ್ಳೆಗಿಂತ ಹೆಚ್ಚಾಗಿ ಈ ಕಾರಣಕ್ಕೆ ಒಳ್ಳೇದು.

ಇನ್ನು ಕಿವಿನೋವು, ಕಿವಿಯೊಳಗೆ ಹುಳ ಹೋಗಿರೋದು, ಹೊಟ್ಟೆಯುಬ್ಬರ, ಜ್ವರ. ಇವುಗಳಿಗೆ ಅಳೋ ಮಗು ಎಚ್ಚರ ಇರುತ್ತೆ, ನಿಮ್ಮನ್ನ ಗುರುತು ಹಿಡಿಯುತ್ತೆ, ಎತ್ತಿಕೊಂಡರೆ ಸ್ವಲ್ಪವಾದರೂ ಸಮಾಧಾನ ಆಗುತ್ತೆ. ಇದೊಂದನ್ನ ನೆನಪಿಟ್ಟರೆ ಬಹಳಷ್ಟು ಗೊಂದಲ ಹೋಗುತ್ತೆ.

ಆ ಹತ್ತು ನಿಮಿಷ

ಚೇಳಿಲ್ಲ, ಜ್ವರವಿಲ್ಲ, ಕೂಸು ಅರೆನಿದ್ದೆಯಲ್ಲಿ ಕಿರುಚ್ತಿದೆ ಅಂತ ಗೊತ್ತಾಯ್ತು. ಈಗ ಮಾಡಬೇಕಾದ್ದು ಬಹಳ ಕಡಿಮೆ. ಕಷ್ಟ ಇರೋದೂ ಅಲ್ಲೇ, ಏನೂ ಮಾಡದೆ ಕೂರೋದು.

ಎಬ್ಬಿಸಬೇಡಿ. ಅಲ್ಲಾಡಿಸೋದು, ಕೆನ್ನೆ ತಟ್ಟೋದು, ಮುಖಕ್ಕೆ ನೀರೆರಚೋದು ಬೇಡವೇ ಬೇಡ. ಆಳದ ನಿದ್ದೆಯಿಂದ ಕಿತ್ತೆಬ್ಬಿಸಿದರೆ ಕೂಸು ಇನ್ನಷ್ಟು ಗೊಂದಲಕ್ಕೆ ಬಿದ್ದು ಕಿರುಚಾಟ ಉದ್ದ ಆಗುತ್ತೆ. ಗಟ್ಟಿಯಾಗಿ ಹಿಡಿದುಕೊಳ್ಳೋದೂ ಬೇಡ. ಪಕ್ಕದಲ್ಲಿ ಕೂತು ಮೆಲ್ಲಗೆ, ಒಂದೇ ಸಮ ದನಿಯಲ್ಲಿ "ಇಲ್ಲೇ ಇದೀನಿ, ಮಲ್ಕೋ" ಅನ್ನೋದು ಸಾಕು. ಬೆನ್ನ ಮೇಲೆ ಕೈ ಇಡೋಕೆ ಬಿಟ್ಟರೆ ಇಡಿ, ತಳ್ಳಿದರೆ ತೆಗೆಯಿರಿ. ದೊಡ್ಡ ಲೈಟು ಆರಿಸಿ. ಮನೆ ತುಂಬ ಜನ ಸೇರೋದನ್ನ ನಿಲ್ಲಿಸಿ. ಈ ಕಡೆ ಒಂದು ಕೂಸು ಅತ್ತರೆ ಓಣಿಯೇ ಬಂದು ನಿಲ್ಲುತ್ತೆ. ಪ್ರೀತಿಯಿಂದಲೇ ಬರ್ತಾರೆ, ಆದರೆ ಹತ್ತು ಜನದ ಸದ್ದಿಗೆ ಐದು ನಿಮಿಷದ್ದು ಇಪ್ಪತ್ತು ನಿಮಿಷ ಆಗುತ್ತೆ.

ಬೀಳದ ಹಾಗೆ ನೋಡಿಕೊಳ್ಳೋದೇ ನಿಜವಾದ ಕೆಲಸ. ಬೇಸಿಗೆಯಲ್ಲಿ ಮಾಳಿಗೆ ಮೇಲೆ, ಜಗಲಿ ಕಟ್ಟೆ ಮೇಲೆ ಮಲಗುವ ಮನೆಗಳಲ್ಲಿ ಬೆಚ್ಚುವ ಮಗುವನ್ನ ಅಂಚಿನಿಂದ ದೂರ, ನೆಲಮಟ್ಟದಲ್ಲಿ ಮಲಗಿಸಬೇಕು. ತಡೆಗೋಡೆ ಇಲ್ಲದ ಆರ್‌ಸಿಸಿ ಮಾಳಿಗೆ ಅಂತೂ ಬೇಡ. ಎತ್ತರದ ಮಂಚ, ನೀರಿನ ತೊಟ್ಟಿ, ಒಲೆ ಪಕ್ಕ ಬೇಡ. ಬಾಗಿಲಿಗೆ ಮೇಲಿನ ಚಿಲುಕ ಹಾಕಿ.

ಇಲ್ಲೇ ಹೇಳಬೇಕಾದ ಇನ್ನೊಂದು ಮಾತು ದಿಂಬಿನ ಕೆಳಗಿನ ಕಬ್ಬಿಣ. ಕೂಸು ಬೆಚ್ಚಬಾರದು ಅಂತ ಕುಡುಗೋಲು, ಚಾಕು, ಅಡಕತ್ತರಿ ತಲೆದೆಸೆಯಲ್ಲಿ ಇಡೋ ಮನೆ ಇನ್ನೂ ಇವೆ. ಮಗು ಕಣ್ಣು ಕಾಣದೆ ಕೈಕಾಲು ಬಡಿಯೋ ಜಾಗದಲ್ಲಿ ಹರಿತವಾದದ್ದು ಇಡೋದು ಅಂದರೆ ಇಲ್ಲದ ಅಪಾಯವನ್ನ ಕರೆದು ತಂದ ಹಾಗೆ. ಅಜ್ಜಿ ಒಪ್ಪಲೇ ಇಲ್ಲ ಅಂದರೆ ಒಂದು ಹಳೇ ಬೀಗ ಇಟ್ಟು ಸಮಾಧಾನ ಮಾಡಿ. ಅದೂ ಕಬ್ಬಿಣವೇ.

ಬೆಳಗ್ಗೆ ಆ ಸುದ್ದಿ ಎತ್ತಬೇಡಿ. ಮಗುವಿಗೆ ನೆನಪಿಲ್ಲದ್ದನ್ನ "ರಾತ್ರಿ ಹೆಂಗೆ ಕಿರುಚಿದೆ ಗೊತ್ತಾ" ಅಂತ ನಗಾಡಿ ಹೇಳಿದರೆ ಅದಕ್ಕೆ ಮಲಗೋದೇ ಭಯ ಆಗುತ್ತೆ. ಭಯಕ್ಕೆ ನಿದ್ದೆ ಕೆಡುತ್ತೆ, ನಿದ್ದೆ ಕೆಟ್ಟರೆ ಮತ್ತೆ ಕಿರುಚಾಟ.

ಯಾಕೆ ಕೆಲವು ರಾತ್ರಿ ಮಾತ್ರ?

ಮೊದಲ ಕಾರಣ ನಿದ್ದೆ ಸಾಲದೇ ಇರೋದು. ದಣಿದು ತಡವಾಗಿ ಮಲಗಿದ ಮಗುವಿನ ಮೆದುಳು ಆಳದ ನಿದ್ದೆಗೆ ಇನ್ನೂ ಆಳಕ್ಕೆ ಇಳಿಯುತ್ತೆ, ಅಲ್ಲಿಂದ ಮೇಲೆ ಬರೋವಾಗ ಸಿಕ್ಕಿಕೊಳ್ಳೋ ಸಂಭವ ಹೆಚ್ಚು. ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದ್ದಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾವೈದ್ಯರ ಸಂಘ 2016ರಲ್ಲಿ ಹೇಳಿದೆ. ಹಳ್ಳಿಯಲ್ಲಿ ಮಕ್ಕಳು ಬೇಗ ಮಲಗ್ತಾರೆ ಅನ್ನೋದು ಹಳೇ ಮಾತು. ಈಗ ಧಾರಾವಾಹಿ ಮುಗಿಯೋವರೆಗೆ ಟಿವಿ, ಆಮೇಲೆ ಮೊಬೈಲ್‌ನಲ್ಲಿ ರೀಲ್ಸ್, ಹತ್ತೂವರೆ ಹನ್ನೊಂದಕ್ಕೆ ಲೈಟು ಆರೋದು. ಬೆಳಗ್ಗೆ ಆರಕ್ಕೆ ಅಮ್ಮ ಎದ್ದು ಕಸ ಹೊಡೆಯೋ ಸದ್ದಿಗೆ ಕೂಸೂ ಎದ್ದುಬಿಡುತ್ತೆ. ಲೆಕ್ಕ ಹಾಕಿದರೆ ಏಳೂವರೆ ಗಂಟೆ.

ರಾತ್ರಿ ಪಾಳಿಯ ಕರೆಂಟು ಇನ್ನೊಂದು. ಪಂಪ್‌ಸೆಟ್‌ಗೆ ತ್ರೀಫೇಸ್ ರಾತ್ರಿ ಕೊಟ್ಟ ವಾರ ಅಪ್ಪ ಟಾರ್ಚ್ ಹಿಡಿದು ತೋಟಕ್ಕೆ ಹೊರಡ್ತಾನೆ, ಬಾಗಿಲು ತೆರೆಯೋದು, ಬೈಕ್ ಸ್ಟಾರ್ಟ್ ಮಾಡೋದು, ನಾಯಿ ಬೊಗಳೋದು. ಆಳದ ನಿದ್ದೆಯಲ್ಲಿರೋ ಮಗುವಿಗೆ ಇಂಥ ಸದ್ದು ತಗುಲಿದರೆ ಸಾಕು, ಅರ್ಧ ಎಚ್ಚರ ಆಗಿ ಕಿರುಚಾಟ ಶುರು ಆಗಬಹುದು. ಬೈಕನ್ನ ಓಣಿ ತುದಿಯಲ್ಲಿ ನಿಲ್ಲಿಸಿಟ್ಟು ಅಲ್ಲಿಂದ ಹೊರಡೋದು ಸಣ್ಣ ಉಪಾಯ, ಕೆಲಸಕ್ಕೆ ಬರುತ್ತೆ.

ಜಾತ್ರೆ ಸೀಸನ್ನೂ ಹಾಗೇ. ಹಿರಿಯೂರಿನ ತೇರುಮಲ್ಲೇಶ್ವರ ಜಾತ್ರೆಗೆ ಹೋಗಿ ಬಂದ ರಾತ್ರಿ, ಮದುವೆ ಮನೆಯ ಡಿಜೆ ಕೇಳಿ ಬಂದ ರಾತ್ರಿ, ನೆಂಟರ ಮನೆಯಲ್ಲಿ ಮೊದಲ ಸಲ ಮಲಗಿದ ರಾತ್ರಿ ಕೂಸು ಕಿರುಚಿತು ಅಂದರೆ ಊರವರು ಅಲ್ಲಿ ಯಾರದೋ ಕಣ್ಣು ಬಿತ್ತು ಅಂತಾರೆ. ಜಾಗ ಬದಲಾಗಿದೆ, ನಿದ್ದೆ ತಪ್ಪಿದೆ, ದಣಿವಾಗಿದೆ. ಅಷ್ಟೇ ಕಾರಣ ಸಾಕು. ಅಮಾವಾಸ್ಯೆ ರಾತ್ರಿಯೇ ಕಿರುಚಿತು ಅನ್ನೋರು ಅಮಾವಾಸ್ಯೆ ಅಲ್ಲದ ಎಷ್ಟು ರಾತ್ರಿ ಕಿರುಚಿತು ಅಂತ ಒಂದು ತಿಂಗಳು ಕ್ಯಾಲೆಂಡರ್ ಮೇಲೆ ಗುರುತು ಹಾಕಿ ನೋಡಲಿ.

ಮೂರು ವರ್ಷಕ್ಕೆ ಅಂಗನವಾಡಿಗೆ ಹೋಗೋಕೆ ಶುರು ಮಾಡಿದಾಗ, ಮಧ್ಯಾಹ್ನದ ನಿದ್ದೆ ಬಿಟ್ಟಾಗ, ಮನೆಗೆ ಇನ್ನೊಂದು ಕೂಸು ಬಂದಾಗ, ಅಪ್ಪ ಅಮ್ಮ ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಿ ಅಜ್ಜಿ ಹತ್ತಿರ ಬಿಟ್ಟಾಗ ಇದು ಹೆಚ್ಚಾಗೋದುಂಟು. ಮನೆಯಲ್ಲಿ ದಿನಾ ಜಗಳ, ಕುಡಿತ, ಹೊಡೆತ ಇದ್ದರೆ ಯಾವ ಯಂತ್ರ ಕಟ್ಟಿದರೂ ಕೂಸಿನ ನಿದ್ದೆ ಸರಿಹೋಗಲ್ಲ.

ಮೈಗೆ ಸಂಬಂಧಪಟ್ಟ ಕಾರಣಗಳೂ ಇವೆ. ಜ್ವರ ಬಂದ ರಾತ್ರಿ ಬೆಚ್ಚೋದು ಸಾಮಾನ್ಯ. ಉಚ್ಚೆ ತುಂಬಿದ್ದರೂ ಆಗುತ್ತೆ, ಮಲಗೋ ಮುಂಚೆ ಹೊರಗೆ ಕರೆದೊಯ್ಯಿರಿ. ಗಂಟಲಿನ ಗಂಟು, ಮೂಗಿನ ಹಿಂದಿನ ಗಂಟು ಊದಿ ಗೊರಕೆ ಹೊಡೆಯೋ ಮಗುವಿಗೆ ಉಸಿರು ಆಗಾಗ ಕಟ್ಟುತ್ತೆ, ಪ್ರತಿ ಸಲ ಕಟ್ಟಿದಾಗಲೂ ನಿದ್ದೆ ಒಡೆಯುತ್ತೆ. ಇಂಥ ಮಗುವಿಗೆ ಗಂಟಿನ ಚಿಕಿತ್ಸೆ ಆದರೆ ಕಿರುಚಾಟವೂ ನಿಲ್ಲೋದುಂಟು. "ಅಪ್ಪನ ಹಂಗೆ ಗೊರಕೆ" ಅಂತ ಖುಷಿಪಡೋ ವಿಷಯ ಅಲ್ಲ ಅದು.

ರಕ್ತಹೀನತೆ ಬಗ್ಗೆ ಒಂದು ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಮೈಯಲ್ಲಿ ಕಬ್ಬಿಣಾಂಶ ಕಮ್ಮಿ ಆದರೆ ರಾತ್ರಿ ಕಾಲು ಚಡಪಡಿಸುತ್ತೆ, ನಿದ್ದೆ ಮತ್ತೆ ಮತ್ತೆ ಮುರಿಯುತ್ತೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ ಸರ್ಕಾರವೇ ಕೊಡುತ್ತೆ, ಆಶಾ ಕಾರ್ಯಕರ್ತೆಯರ ಹತ್ತಿರ ಸಿಗುತ್ತೆ. ಮಲ ಕಪ್ಪಾಗುತ್ತೆ ಅಂತ ಹೆದರಿ ಬಾಟಲಿ ಮೂಲೆಗೆ ಇಡೋರೇ ಜಾಸ್ತಿ. ಕಪ್ಪಾಗೋದು ಸಹಜ, ಹೆದರಬೇಕಿಲ್ಲ. ಮತ್ತೆ ಟೀ. ಎರಡು ವರ್ಷದ ಕೂಸಿಗೆ ಬನ್ನು ಅದ್ದಿ ಸಂಜೆ ಟೀ ಕುಡಿಸೋದು ಈ ಭಾಗದಲ್ಲಿ ದೊಡ್ಡ ವಿಷಯವೇ ಅಲ್ಲ. ಟೀಯಲ್ಲಿರೋ ಕೆಫೀನ್ ನಿದ್ದೆ ಕೆಡಿಸುತ್ತೆ, ಊಟದಲ್ಲಿರೋ ಕಬ್ಬಿಣವನ್ನ ಮೈ ಹೀರಿಕೊಳ್ಳೋದನ್ನೂ ಟೀ ತಡೆಯುತ್ತೆ. ಒಂದು ಲೋಟಕ್ಕೆ ಎರಡು ನಷ್ಟ. ಹಾಲು, ರಾಗಿ ಗಂಜಿ ಇದೆಯಲ್ಲ.

ಅರ್ಧ ಗಂಟೆ ಮುಂಚೆ

ಮೊದಲು ಮಾಡಬೇಕಾದ್ದು ಮಲಗೋ ಹೊತ್ತನ್ನ ಅರ್ಧ ಗಂಟೆ ಹಿಂದಕ್ಕೆ ಎಳೆಯೋದು, ಹಾಗೂ ದಿನಾ ಅದೇ ಹೊತ್ತಿಗೆ ಮಲಗಿಸೋದು. ಊಟ, ಕೈಕಾಲು ತೊಳೆಯೋದು, ಉಚ್ಚೆ, ಲೈಟು ಸಣ್ಣ ಮಾಡೋದು, ಒಂದು ಜೋಗುಳವೋ ಕಥೆಯೋ. ಕ್ರಮ ತಪ್ಪದಿದ್ದರೆ ಕೂಸಿನ ಮೈಗೇ ಅಭ್ಯಾಸ ಆಗುತ್ತೆ. ಮಲಗೋ ಒಂದು ಗಂಟೆ ಮುಂಚೆ ಮೊಬೈಲ್ ಮೇಲಿಡಿ. ಮೂರು ವರ್ಷದ ತನಕ ಮಧ್ಯಾಹ್ನದ ನಿದ್ದೆ ಬಿಡಿಸಬೇಡಿ. ಎರಡು ಮೂರು ವಾರ ಇಷ್ಟೇ ಮಾಡಿದರೂ ಬಹಳಷ್ಟು ಮನೆಗಳಲ್ಲಿ ಫರಕು ಕಾಣುತ್ತೆ.

ಆಮೇಲೂ ನಿಲ್ಲಲಿಲ್ಲ, ಹೆಚ್ಚುಕಮ್ಮಿ ದಿನಾ ಒಂದೇ ಹೊತ್ತಿಗೆ ಬರ್ತಿದೆ ಅಂದರೆ ಇನ್ನೊಂದು ಉಪಾಯ ಇದೆ. ಒಂದು ವಾರ ಗಡಿಯಾರ ನೋಡಿ ಬರೆದಿಡಿ. ಹತ್ತೂವರೆಗೆ ಕಿರುಚುತ್ತೆ ಅಂದರೆ ಹತ್ತೂ ಕಾಲಿಗೆ ಮೆಲ್ಲಗೆ ಬೆನ್ನು ಸವರಿ, ಮಗ್ಗುಲು ಬದಲಿಸಿ, ಕೂಸು "ಉಂ" ಅನ್ನೋವಷ್ಟು ಅಥವಾ ಅರೆಗಣ್ಣು ಬಿಡೋವಷ್ಟು ಎಚ್ಚರಿಸಿ ಮತ್ತೆ ಮಲಗಿಸಿ. ಪೂರ್ತಿ ಎಬ್ಬಿಸೋದಲ್ಲ. ಕಿರುಚುವ ಹೊತ್ತಿಗೆ ಹದಿನೈದರಿಂದ ಮೂವತ್ತು ನಿಮಿಷ ಮುಂಚೆ, ಎರಡರಿಂದ ನಾಲ್ಕು ವಾರ ಬಿಡದೆ ಮಾಡಬೇಕು. ಆಳದ ನಿದ್ದೆಯ ಜಾಡು ಮುರಿದು ಮೆದುಳು ಸರಿಯಾಗಿ ಹೊರಳುತ್ತೆ. ಬ್ರಿಟನ್ನಿನ ವೈದ್ಯ ಬ್ರಯಾನ್ ಲಾಸ್ಕ್ 1988ರಲ್ಲಿ ಈ ವಿಧಾನದ ಬಗ್ಗೆ ಬರೆದಿದ್ದರು, ಇಂದಿಗೂ ಮಕ್ಕಳ ವೈದ್ಯರು ಹೇಳಿಕೊಡ್ತಾರೆ. ದುಡ್ಡು ಖರ್ಚಿಲ್ಲ, ತಾಯಿಗೆ ನಿದ್ದೆ ಕೆಡುತ್ತೆ ಅನ್ನೋದೊಂದೇ. ಈ ಪಾಳಿ ಅಪ್ಪನೂ ಮಾಡಬಹುದು. ತೋಟಕ್ಕೆ ಹೊರಡೋ ಮುಂಚೆ ಹೇಗೂ ಎದ್ದಿರ್ತಾನೆ.

ತಾಯತ, ಹೊಗೆ, ಸಿರಪ್

ಕೂಸು ಬೆಚ್ಚೋದನ್ನ ಗ್ರಹದ ಲೆಕ್ಕಕ್ಕೆ ಹಾಕಿದ್ದು ನಿನ್ನೆ ಮೊನ್ನೆಯದ್ದಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲೇ ಸ್ಕಂದ, ಶಕುನಿ, ರೇವತಿ, ಪೂತನಾ ಅಂತ ಒಂಬತ್ತು ಬಾಲಗ್ರಹಗಳ ವರ್ಣನೆ ಇದೆ. ಮಕ್ಕಳು ಕಾರಣ ತಿಳಿಯದೆ ಸಾಯುತ್ತಿದ್ದ ಕಾಲದಲ್ಲಿ ತಿಳಿದವರು ಕಂಡುಕೊಂಡ ವಿವರಣೆ ಅದು. ಅಜ್ಜಿಯಂದಿರು ಅದನ್ನ ಹೇಳಿದರೆ ನಗೋ ಅಗತ್ಯ ಇಲ್ಲ.

ದೃಷ್ಟಿ ತೆಗೆದು, ಈಬತ್ತಿ ಹಚ್ಚಿದರೆ ಕೂಸಿಗೆ ಏನೂ ತೊಂದರೆ ಇಲ್ಲ, ಮನೆಯವರಿಗೆ ಧೈರ್ಯ ಬರುತ್ತೆ. ನಿದ್ರಾಭೀತಿ ಕೆಲವು ದಿನ ಬಂದು ಕೆಲವು ದಿನ ತಾನಾಗೇ ನಿಲ್ಲುವ ಜಾತಿ ಆದ್ದರಿಂದ ತಾಯತ ಕಟ್ಟಿದ ಮೇಲೆ ನಿಂತಿತು ಅನ್ನಿಸೋದೂ ಸಹಜ. ಆದರೆ ಕೊರಳಿಗೆ ಬಿಗಿಯಾದ ಕರಿದಾರ ಬೇಡ, ಹೊರಳಾಡುವಾಗ ಸಿಕ್ಕಿ ಬಿಗಿಯಬಹುದು. ಮುಚ್ಚಿದ ಕೋಣೆಯಲ್ಲಿ ಮೆಣಸಿನಕಾಯಿ ಹೊಗೆ, ಲೋಬಾನದ ಹೊಗೆ ಹಾಕಿದರೆ ದಮ್ಮು ಇರೋ ಮಗುವಿಗೆ ಉಸಿರು ಕಟ್ಟುತ್ತೆ.

ನಿದ್ದೆ ಬರಲಿ ಅಂತ ಜಾಜಿಕಾಯಿ ತೇಯ್ದು ನೆಕ್ಕಿಸೋ ರೂಢಿ ಇದೆ. ಜಾಜಿಕಾಯಿ ಹೆಚ್ಚಾದರೆ ನಂಜು, ಪುಟ್ಟ ಕೂಸಿಗೆ ಎಷ್ಟು ಹೆಚ್ಚು ಅಂತ ಯಾರ ಕೈಗೂ ಅಳತೆ ಇಲ್ಲ. ಅದಕ್ಕಿಂತ ಕೆಟ್ಟದ್ದು ಮೆಡಿಕಲ್ ಸ್ಟೋರಿನ ಕೆಮ್ಮಿನ ಸಿರಪ್. ಕುಡಿಸಿದರೆ ಮಂಪರು ಬರುತ್ತೆ ಅಂತ ಕೆಮ್ಮಿಲ್ಲದ ಮಗುವಿಗೂ ಹಾಕೋರಿದ್ದಾರೆ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲುಷಿತ ಸಿರಪ್ ಕುಡಿದ ಮಕ್ಕಳು ಸತ್ತ ನಂತರ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿ ಸಿರಪ್ ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ ಸೂಚಿಸಿದೆ. ನಿದ್ರಾಭೀತಿಗೆ ಮದ್ದೇ ಬೇಕಾಗೋದು ಬಹಳ ಅಪರೂಪ, ಆಗಲೂ ತಜ್ಞ ವೈದ್ಯರೇ ಬರೆಯಬೇಕು.

ಬರೆ ಹಾಕೋದು, ಹೊಡೆಯೋದು ಈ ಪಟ್ಟಿಗೆ ಸೇರಲ್ಲ, ಅದು ಅಪರಾಧ. ದೆವ್ವ ಬಿಡಿಸ್ತೀನಿ ಅಂತ ಕಾಯಿಸಿದ ವಸ್ತು ಮುಟ್ಟಿಸೋದು, ಹೊಡೆಯೋದು, ಕಟ್ಟಿಹಾಕೋದಕ್ಕೆ ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯಲ್ಲಿ ಒಂದರಿಂದ ಏಳು ವರ್ಷ ಜೈಲು, ₹5,000ದಿಂದ ₹50,000 ದಂಡ ಇದೆ. ಯಾರಾದರೂ ಮಗುವಿಗೆ ಹೀಗೆ ಮಾಡ್ತಿದ್ದರೆ 1098ಕ್ಕೆ ಕರೆ ಮಾಡಬಹುದು.

ಯಾವಾಗ ಡಾಕ್ಟರ ಹತ್ತಿರ?

ಎಲ್ಲಾ ಕಿರುಚಾಟವೂ ನಿರಪಾಯ ಅಂದುಕೊಳ್ಳಬಾರದು. ಫಿಟ್ಸ್ ಕೆಲವು ಸಲ ನಿದ್ರಾಭೀತಿಯ ವೇಷದಲ್ಲಿ ಬರುತ್ತೆ. ಅದು ಸಾಮಾನ್ಯವಾಗಿ ಚುಟುಕು, ಒಂದೆರಡು ನಿಮಿಷದೊಳಗೆ ಮುಗಿಯುತ್ತೆ, ಒಂದೇ ರಾತ್ರಿ ಹಲವು ಸಲ ಬರುತ್ತೆ, ಪ್ರತಿ ಸಲವೂ ಅಚ್ಚು ಹೊಡೆದ ಹಾಗೆ ಒಂದೇ ರೀತಿ: ಅದೇ ಕೈ ಸೆಟೆಯೋದು, ಅದೇ ಕಡೆ ಕತ್ತು ತಿರುಗೋದು. ಕೈಕಾಲು ಲಯವಾಗಿ ಅದುರೋದು, ಮೈ ಬಿಗಿಯೋದು, ಕಣ್ಣುಗುಡ್ಡೆ ಮೇಲಕ್ಕೆ ಹೋಗೋದು, ಬಾಯಲ್ಲಿ ಜೊಲ್ಲು ನೊರೆ, ಹಗಲಲ್ಲೂ ಹೀಗೇ ಆಗೋದು ಕಂಡರೆ ತಡ ಮಾಡಬಾರದು. ಕಿರುಚಾಟ ಅರ್ಧ ಗಂಟೆಗೂ ಮೀರಿದರೆ, ಹೆಚ್ಚುಕಮ್ಮಿ ದಿನಾ ಬರ್ತಿದ್ದರೆ, ಮಗು ಬಿದ್ದು ಪೆಟ್ಟು ಮಾಡಿಕೊಂಡರೆ, ಗೊರಕೆಯ ನಡುವೆ ಉಸಿರು ನಿಲ್ಲುತ್ತಿದ್ದರೆ, ಹಗಲೆಲ್ಲಾ ತೂಗಡಿಸುತ್ತಿದ್ದರೆ, ವರ್ಷ ತುಂಬದ ಕೂಸಿಗೆ ಶುರು ಆಗಿದ್ದರೆ ಕೂಡ ತೋರಿಸಲೇಬೇಕು.

ಜ್ವರದ ಜೊತೆ ಫಿಟ್ಸ್ ಬಂದರೆ ಮಗುವನ್ನ ಒಂದು ಮಗ್ಗುಲಿಗೆ ಮಲಗಿಸಿ. ಕೈಗೆ ಬೀಗದಕೈ ಕೊಡೋದು, ಮೂಗಿಗೆ ಈರುಳ್ಳಿ ಹಿಡಿಯೋದು, ಹಲ್ಲಿನ ನಡುವೆ ಚಮಚ ತುರುಕೋದು ಬೇಡ. ಬಾಯಿಗೆ ನೀರೂ ಬೇಡ. ಐದು ನಿಮಿಷಕ್ಕೆ ನಿಲ್ಲದಿದ್ದರೆ 108.

ಎಲ್ಲಿಗೆ ಹೋಗೋದು

ಹರಿಯಬ್ಬೆ ಸುತ್ತಲಿನವರಿಗೆ ಹತ್ತಿರದ್ದು ಧರ್ಮಪುರದ ಸರ್ಕಾರಿ ಆಸ್ಪತ್ರೆ. ಮಕ್ಕಳ ತಜ್ಞರು ಬೇಕಾದರೆ ಹಿರಿಯೂರು ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಮುಂದೆ ಸುಮಾರು 40 ಕಿ.ಮೀ. ದೂರದ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆ. ಫಿಟ್ಸ್ ಅನುಮಾನ ಇದ್ದರೆ ಮೆದುಳಿನ ಇಇಜಿ ಪರೀಕ್ಷೆಗೆ ಅವರೇ ಬರೆದುಕೊಡ್ತಾರೆ. ಎಲ್ಲಾ ಬೆಚ್ಚುವ ಮಕ್ಕಳಿಗೂ ಆ ಪರೀಕ್ಷೆ ಬೇಕಿಲ್ಲ, ಸ್ಕ್ಯಾನಿಂಗ್ ಅಂತೂ ಬೇಕೇ ಇಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ತಪಾಸಣೆಗೆ ಬರುತ್ತೆ, ಆ ದಿನ ಟೀಚರಿಗೆ ಮೊದಲೇ ಹೇಳಿಟ್ಟರೆ ಊರಲ್ಲೇ ತೋರಿಸಬಹುದು. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮ ಇದೆ. ಆ ವಾರ ಬರ್ತಾರಾ ಅಂತ ಫೋನ್ ಮಾಡಿ ಕೇಳಿಕೊಂಡು ಬಸ್ ಹತ್ತೋದು ವಾಸಿ. ರಾತ್ರಿ ಹೊತ್ತಲ್ಲಿ ಕೈಕಾಲು ಆಡದೆ ಕೂತ ತಾಯಿಗೆ ಟೆಲಿ ಮಾನಸ್ 14416 ಇದೆ. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ. ಆರೋಗ್ಯದ ಬೇರೆ ಅನುಮಾನಗಳಿಗೆ 104.

ಡಾಕ್ಟರ ಹತ್ತಿರ ಹೋಗುವಾಗ ಅತ್ಯಂತ ಉಪಯೋಗಕ್ಕೆ ಬರೋದು ಮೊಬೈಲ್‌ನಲ್ಲಿ ತೆಗೆದ ಒಂದು ವೀಡಿಯೊ. ಕಿರುಚುವಾಗ ಮಗುವಿನ ಮುಖ, ಕೈಕಾಲು ಎರಡೂ ಕಾಣೋ ಹಾಗೆ, ಶುರುವಿನಿಂದ ಮುಗಿಯೋ ತನಕ ತೆಗೆದಿರಬೇಕು. ಅದನ್ನ ನೋಡಿದರೆ ಫಿಟ್ಸೋ ಅರೆನಿದ್ದೆಯೋ ಅಂತ ಹೇಳೋದು ವೈದ್ಯರಿಗೆ ಬಹಳ ಸುಲಭ. ಆ ವೀಡಿಯೊ ಸ್ಟೇಟಸ್‌ಗೆ ಹಾಕೋದು ಬೇಡ. ಮಲಗಿದ ಹೊತ್ತು, ಕಿರುಚಿದ ಹೊತ್ತು, ಎಷ್ಟು ನಿಮಿಷ, ಆ ದಿನ ಜ್ವರ ಇತ್ತಾ, ಮಧ್ಯಾಹ್ನ ಮಲಗಿತ್ತಾ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು, ತಾಯಿ ಕಾರ್ಡಿನ ಜೊತೆ ಇಟ್ಟುಕೊಂಡು ಹೋಗಿ.